ಕುಡಿಕೆಯೊಳಗಿನ ಚಾರಮಿನಾರ್

ಕುಡಿಕೆ ಒಡೆಯಿತು. ನಾಣ್ಯಗಳು ಚಾಪೆಯ ಮೇಲೆ ಚೆಲ್ಲಿದವು. ಬಂಡೆಮ್ಮ ಒಂದನ್ನು ಎತ್ತಿ ನೋಡಿದಳು. ಇನ್ನೊಂದನ್ನು ನೋಡಿದಳು. ಆಮೇಲೆ ಚೀರಿದಳು.

"ಇವು ನನ್ನ ರೊಕ್ಕ ಅಲ್ಲರೀ!"

ಕಮಲಾಪುರದ ಪುಟ್ಟ ಚರ್ಚಿನಲ್ಲಿ ಆ ಶನಿವಾರ ಸೇರಿದ್ದವರೆಲ್ಲ ಬಗ್ಗಿ ನೋಡಿದರು. ಚಾಪೆಯ ತುಂಬ ಚಾರಮಿನಾರ್ ಮುದ್ರೆ. ನಿಜಾಮರ ಕಾಲದ ಹಾಲಿ ಸಿಕ್ಕಾ. ಪೊಲೀಸ್ ಆ್ಯಕ್ಷನ್ ಆಗಿ ಏಳು ವರ್ಷವಾಗಿತ್ತು. ಆ ನಾಣ್ಯವನ್ನು ಖಜಾನೆಗೆ ಕೊಟ್ಟು ಬದಲಾಯಿಸಿಕೊಳ್ಳುವ ಗಡುವೂ ಮುಗಿದಿತ್ತು. ಈಗ ಪೇಟೆಯಲ್ಲಿ ನಡೆಯುವುದು ಭಾರತ ಸರ್ಕಾರದ ಸಿಂಹದ ಮುದ್ರೆಯ ಕಲದಾರ್ ನಾಣ್ಯ ಮಾತ್ರ.

ಬಂಡೆಮ್ಮ ಇಷ್ಟು ವರ್ಷ ಕಂಡವರ ತೋಟದ ಕೆಂಪು ಬಾಳೆಗೊನೆ ಹೊತ್ತವಳು. ಬಾವಿ ಪಕ್ಕದ ನಾಗಣ್ಣನ ಬಾಳೆತೋಟವನ್ನು ತಾನೇ ಗುತ್ತಿಗೆ ಹಿಡಿಯಬೇಕೆಂದು ಕೂಡಿಟ್ಟಿದ್ದಳು. ಸೋಮವಾರ ಹಣ ಕೊಡದಿದ್ದರೆ ತೋಟ ಬೇರೆಯವರ ಪಾಲು.

*   *   *

ಮಧ್ಯಾಹ್ನದ ಬಸ್ಸಿಗೆ ಗುಲಬರ್ಗಾದಿಂದ ಅಮೀನ್ ಅಣವೀರಪ್ಪ ಬಂದಿಳಿದ. ಪ್ರತಿ ಕೇಸಿನಲ್ಲೂ ಬಸ್ ಇಳಿಯುವ ಮೊದಲೇ ಕಳ್ಳ ಯಾರೆಂದು ತೀರ್ಮಾನಿಸುವ ಪೊಲೀಸ್ ಅಧಿಕಾರಿ ಅವನು. ವಾಪಸು ಬಸ್ ಹತ್ತುವ ಮೊದಲು ಆ ತೀರ್ಮಾನ ಬದಲಾಗಿರುತ್ತಿತ್ತು ಅನ್ನುವುದು ಬೇರೆ ಮಾತು.

ಈ ಸಲ ಅವನ ಕಣ್ಣು ಶೇವಂತಾಬಾಯಿಯ ಮೇಲಿತ್ತು. ಬಡವರಿಗೆ ಹಣ ಹೇಗೆ ಉಳಿಸಬೇಕು, ಹೇಗೆ ಖರ್ಚು ಮಾಡಬೇಕು ಎಂದು ಚರ್ಚಿನಲ್ಲಿ ವಾರವಾರವೂ ಪಾಠ ಹೇಳುತ್ತಿದ್ದವಳು ಅವಳೇ.

"ಲೆಕ್ಕ ಎಲ್ಲಿ ಬರೀತೀರಿ ಬಾಯಾರ?"

"ಬರಿಯೋದಿಲ್ಲರಿ. ಇಲ್ಲಿ ಯಾರಿಗೂ ಓದಲಿಕ್ಕಿ ಬರೋದಿಲ್ಲ. ನಾಣ್ಯ ಹಾಕೋರು ಎದ್ದು ನಿಂತು, ಇದು ಏನು ಬಿಟ್ಟು ಉಳಿಸಿದ್ದು ಅಂತ ಹೇಳೇ ತಂತಮ್ಮ ಕುಡಿಕಿಗಿ ಹಾಕಬೇಕು. ಕುಡಿಕಿ ಎಲ್ಲಾ ಇಲ್ಲೇ ಚರ್ಚಿನಾಗ ಇರ್ತಾವ. ಉಳಿದೋರು ಕೇಳ್ತಾರ."

ಅಮೀನನಿಗೆ ನಗು ಬಂತು. "ಹಂಗಾದ್ರ ಈಕಿ ಕಲದಾರ್ ಹಾಕಿದ್ದಕ್ಕ ಸಾಕ್ಷಿ ಏನದ?"

ಮೂಲೆಯಿಂದ ಭೀಮಬಾಯಿ ಎದ್ದಳು. "ಆಕಿ ತಂಬಾಕ ಬಿಟ್ಟಳ್ರಿ. ಆ ನಾಕಾಣೆ ನಾ ನೋಡೀನಿ. ಸಿಂಹ ಇತ್ತು."

ಮುದುಕ ಪೀರಪ್ಪ ಎದ್ದ. "ಹಬ್ಬಕ್ಕ ಸೀರಿ ತಗೊಳ್ಳಿಲ್ಲರಿ. ಗುಲಬರ್ಗಾದಿಂದ ಬಸ್ ಹತ್ತದೆ ನಡದು ಬಂದಳ್ರಿ. ಅದರದೊಂದು ಎಂಟಾಣೆ."

ಹೀಗೆ ಒಬ್ಬೊಬ್ಬರೇ ಎದ್ದರು. ಒಬ್ಬರೂ ತಮ್ಮ ನಾಣ್ಯದ ಸುದ್ದಿ ಎತ್ತಲಿಲ್ಲ. ಬಂಡೆಮ್ಮ ತಿನ್ನದೆ, ಉಡದೆ ಬಿಟ್ಟದ್ದೆಲ್ಲ ಆ ಇಡೀ ಕೋಣೆಗೆ ಬಾಯಿಪಾಠವಾಗಿತ್ತು. ಅಣವೀರಪ್ಪ ತನಗರಿವಿಲ್ಲದೆ ಟೋಪಿ ತೆಗೆದು ಕೈಯಲ್ಲಿ ಹಿಡಿದ. ನಾಲಿಗೆಯ ತುದಿಗೆ ಬಂದಿದ್ದ ಶೇವಂತಾಬಾಯಿಯ ಹೆಸರನ್ನು ನುಂಗಿಕೊಂಡ.

ಒಡೆದ ಚೂರುಗಳನ್ನು ಕೈಗೆತ್ತಿಕೊಂಡ. ನಾಣ್ಯ ಹಾಕುವ ಸೀಳಿನ ಒಳಅಂಚಿನಲ್ಲಿ ಹೊಸ ಗೀರುಗಳಿದ್ದವು. ಯಾರೋ ತೆಳ್ಳನೆ ಚಾಕು ತೂರಿಸಿ ಒಂದೊಂದೇ ನಾಣ್ಯ ಜಾರಿಸಿಕೊಂಡಿದ್ದಾರೆ. ಕುಡಿಕೆ ಹಗುರಾಗದಿರಲೆಂದು ಸತ್ತ ನಾಣ್ಯ ತುಂಬಿದ್ದಾರೆ. ಅವಸರದ ಕೆಲಸವಲ್ಲ.

"ನಿಜಾಮನ ನಾಣ್ಯ ಯಾರ ಬಲ್ಲಿ ಇರ್ತಾವರಿ ಸಾಹೇಬ್ರ?" ಎಂದ ಸಭೆಯ ಹಿರಿಯ ಸಮುವೇಲಪ್ಪ. "ಗುಲಬರ್ಗಾ ಸ್ಟೇಶನ್ ಬಜಾರದಾಗ ನಾಣ್ಯ ಬದಲಿಸೋ ಶಬ್ಬೀರ್‌ನ ಹಿಡೀರಿ."

ಸಮುವೇಲಪ್ಪನೆಂದರೆ ಊರಿಗೇ ಭಕ್ತಿ. ಚರ್ಚಿನ ಕೀಲಿಕೈ ಅವನದೇ. ದಿನಾ ಮಧ್ಯಾಹ್ನ ಕದ ಹಾಕಿಕೊಂಡು ಒಬ್ಬನೇ ಪ್ರಾರ್ಥನೆಗೆ ಕೂರುತ್ತಿದ್ದ. ಎಲ್ಲರೂ ಹೌದು ಹೌದು ಅಂದರು. ರಜಾಕಾರರ ಹಾವಳಿ ಕಂಡವರಿಗೆ ಆ ಹೆಸರೇ ಸಾಕಾಗಿತ್ತು.

*   *   *

ಶಬ್ಬೀರ್ ಗಾಬರಿಯಾಗಲಿಲ್ಲ. ಬೇಸರಪಟ್ಟ.

"ನನ್ನ ಹಾಲಿ ಸಿಕ್ಕಾ ಎಲ್ಲಾ ಗಡುವಿನೊಳಗೇ ಖಜಾನೆಗಿ ಕಟ್ಟೀನಿ ಸಾಬ್. ಹೋಗಿ ಕೇಳ್ರಿ. ಇದೇ ನನ್ನ ಧಂದಾ. ಗಡುವು ಮರೆತು ಕೂಡ್ತೀನೇನ್ರಿ?" ಎಂದು ಅಮೀನ ತಂದಿದ್ದ ನಾಣ್ಯವನ್ನು ಕಣ್ಣಿನ ಹತ್ತಿರ ಹಿಡಿದವನು ಮೂಗು ಸಿಂಡರಿಸಿದ. "ಇದೇನ್ರಿ ಬದ್ಬೂ?"

ಅಣವೀರಪ್ಪ ಮೂಸಿದ. ಮುಗ್ಗಲು ವಾಸನೆ. ಒಮ್ಮೆಲೆ ಅವನಿಗೆ ಅಜ್ಜಿಯ ಮನೆ ನೆನಪಾಯಿತು. ಹಗೇವು! ನೆಲದೊಳಗೆ ತೋಡಿ ಜೋಳ ತುಂಬಿಡುವ ಆಳದ ಗುಂಡಿ. ಅದರ ವಾಸನೆ ಜೋಳಕ್ಕೆ, ರೊಟ್ಟಿಗೆ, ಇಳಿದವನ ಅಂಗಿಗೂ ಹತ್ತಿಕೊಂಡು ಬಿಡುತ್ತದೆ. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದ್ದ ನಾಣ್ಯಕ್ಕೆ ಅದು ಬರಲು ಸಾಧ್ಯವೇ ಇಲ್ಲ.

"ನನ್ನ ಹೆಸರು ಹೇಳಿದವರಿಗಿ ಸಲಾಂ ಹೇಳ್ರಿ," ಎಂದ ಶಬ್ಬೀರ್.

*   *   *

ಭಾನುವಾರ ಆರಾಧನೆ ಮುಗಿಯುತ್ತಲೇ ಅಮೀನ ಎದ್ದು ನಿಂತ.

"ಸರ್ಕಾರ ಕಡೀದೊಂದು ಅವಕಾಶ ಕೊಟ್ಟದ. ಹಾಲಿ ಸಿಕ್ಕಾ ಇದ್ದವರು ಈಗಲೇ ತರ್ರಿ. ಬದಲಿಸಿ ಕೊಡ್ತೀನಿ."

ಶುದ್ಧ ಸುಳ್ಳು. ಅದೂ ಚರ್ಚಿನೊಳಗೆ.

ಭೀಮಬಾಯಿ ಸೆರಗಿನ ಗಂಟಿನಿಂದ ಎರಡು ನಾಣ್ಯ ತೆಗೆದಳು. ತಂಬಾಕಿನ ವಾಸನೆ. ಪೀರಪ್ಪನ ನಾಣ್ಯಕ್ಕೆ ಬೆಲ್ಲದ ಜಿಗುಟು. ಸಮುವೇಲಪ್ಪ ಮನೆಗೆ ಹೋಗಿ ಭಾರದ ಚೀಲವೊಂದನ್ನು ತಂದಿಟ್ಟ. ಅಮೀನ ಬಾಯಿ ಬಿಚ್ಚಿ ಮೂಸಿದ.

"ಇವು ಹಗೇವಿನಾಗ ಇದ್ದವೇನ್ರಿ ಹಿರಿಯರ?"

"ಹೌದ್ರಿ. ರಜಾಕಾರರಿಗಿ ಅಂಜಿ ಹುಗದಿಟ್ಟಿದ್ದೆ."

"ಬಂಡೆಮ್ಮನ ಕುಡಿಕ್ಯಾಗಿನವೂ ಅಲ್ಲೇ ಇದ್ದವು. ಅದೇ ವಾಸನಿ."

"ಊರಾಗ ಹಗೇವು ಭಾಳ ಅವರಿ!"

"ಅವ. ಆದ್ರ ಚರ್ಚಿನ ಕೀಲಿಕೈ ಒಂದೇ ಅದ. ಕದ ಹಾಕ್ಕೊಂಡು ಒಂದೊಂದೇ ನಾಣ್ಯ ತೆಗಿಯೋ ಪುರಸತ್ತೂ ಒಬ್ಬರಿಗೇ ಇತ್ತು. ಗಡುವಿನೊಳಗ ಯಾಕ ಬದಲಿಸಲಿಲ್ಲ?"

ಸಮುವೇಲಪ್ಪ ಬೆಂಚು ಹಿಡಿದು ಕೂತ. "ಚರ್ಚಿನ ಚಾವಣಿಗಿ ರೊಕ್ಕ ಕೇಳಿದಾಗ ನನ್ನ ಬಲ್ಲಿ ಏನೂ ಇಲ್ಲ ಅಂದಿದ್ದೆ. ಖಜಾನಿಗಿ ಹೋದ್ರ ಎಲ್ಲರಿಗೂ ಗೊತ್ತಾಗ್ತಿತ್ತು. ಇವತ್ತು ನೀವೇ ಬದಲಿಸ್ತೀರಿ ಅಂದ್ರಿ. ಆಸಿ ತಡೀಲಿಲ್ಲ."

*   *   *

ಸಮುವೇಲಪ್ಪನ ಮನೆಯ ಸಂದೂಕಿನಿಂದ ಕಲದಾರ್ ನಾಣ್ಯಗಳು ಬಂದವು. ಅಮೀನ ಅವನ್ನು ಬಂಡೆಮ್ಮನ ಉಡಿಗೆ ಸುರಿಯಹೊರಟ. ಶೇವಂತಾಬಾಯಿ ಹೊಸ ಕುಡಿಕೆಯೊಂದನ್ನು ತಂದು ಸಮುವೇಲಪ್ಪನ ಮುಂದಿಟ್ಟಳು.

"ಹಂಗ ಬ್ಯಾಡ್ರಿ. ಇಲ್ಲಿ ಹಾಕೋರು ಹೇಳೇ ಹಾಕಬೇಕು."

ಸಮುವೇಲಪ್ಪ ಬೆಂಚು ಬಿಟ್ಟು ಎದ್ದ. ನಾಲ್ಕಾಣೆಯೊಂದನ್ನು ಎತ್ತಿದ.

"ಬಂಡೆಮ್ಮ ತಂಬಾಕ ಬಿಟ್ಟದ್ದು."

ಠಣ್.

"ಹಬ್ಬಕ್ಕ ಸೀರಿ ತಗೊಳ್ಳದ್ದು."

ಠಣ್.

ಒಂದನ್ನೂ ಅವನು ತಪ್ಪಲಿಲ್ಲ. ವಾರವಾರವೂ ಮುಂದಿನ ಬೆಂಚಿನಲ್ಲಿ ಕೂತು ಕೇಳಿದವನು. ಯಾವುದರ ಬೆಲೆ ಏನೆಂದು ತಿಳಿದೇ ಕದ್ದಿದ್ದ. ಎಷ್ಟೋ ಕಳ್ಳರ ತಪ್ಪೊಪ್ಪಿಗೆ ಕೇಳಿದ್ದ ಅಣವೀರಪ್ಪ ಇಂಥದ್ದನ್ನು ಕೇಳಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾಗಣ್ಣ, ತೋಟ ಇವಳದೇ ಎನ್ನುವಂತೆ ಬಂಡೆಮ್ಮನ ಕಡೆ ತಲೆಯಾಡಿಸಿದ.

ಕೊನೆಗೆ ಒಂದು ಎಂಟಾಣೆ ಉಳಿಯಿತು.

"ಇದು... ಬಸ್ಸಿನ..." ಎಂದವನು ನಾಣ್ಯವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

"ನಾ ಹೇಳ್ತೀನಿ," ಎಂದು ಬಂಡೆಮ್ಮ ಎದ್ದಳು. "ಗುಲಬರ್ಗಾದಾಗ ನನ್ನ ಕಾಲು ಬಾತದ್ದು ನೋಡಿ, ಬಸ್ಸಿಗಿ ಹೋಗು ಅಂತ ನೀವೇ ಕೊಟ್ಟಿದ್ರಿ. ನಾ ಬಸ್ ಹತ್ತಲಿಲ್ಲ."

ಸಮುವೇಲಪ್ಪ ಮುಖ ಮುಚ್ಚಿಕೊಂಡು ಅತ್ತ. ಬಂಡೆಮ್ಮ ಅವನ ಬೆರಳು ಬಿಡಿಸಿ ನಾಣ್ಯ ತೆಗೆದುಕೊಂಡಳು. ಕುಡಿಕೆಗೆ ಹಾಕುತ್ತ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಸಮುವೇಲಪ್ಪನವರು ಕೊಟ್ಟದ್ದು."