ಮೊಸರು ಬಿಟ್ಟ ಹರಕೆ

"ಏನ್ರಿ, ಮೊದಲು ಆ ಬೋರ್ಡ್ ತಗೀರಿ!"

ಕಮಲಾಪುರದ ವಾರದ ಸಂತೆಯಲ್ಲಿ ಮಲ್ಲಿಕಾ ಹೀಗೆ ಕೂಗಿದಾಗ ಅಕ್ಕಪಕ್ಕದವರು ತಕ್ಕಡಿ ಕೆಳಗಿಟ್ಟು ನೋಡಿದರು. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಆಹಾರ ತಜ್ಞೆ ಅವಳು. ಹಣ್ಣು ಕೊಳ್ಳಲು ಬಂದವಳ ಕಣ್ಣಿಗೆ ಬಿದ್ದದ್ದು ಈ ಬರಹ: 'ಕೆಂಪು ಬಾಳೆ ತಿನ್ನಿರಿ, ಮರೆವು ಓಡಿಸಿರಿ!'

ಬಾಳೆಗೊನೆಗಳ ಹಿಂದಿನಿಂದ ಯಶವಂತ ಎದ್ದ. ಎತ್ತರದ ಆಳು, ದಣಿದ ಕಣ್ಣು.

"ಯಾಕ್ರಿ ಮೇಡಂ, ನಮ್ಮ ಹಣ್ಣು ನಿಮಗೇನ್ ಮಾಡ್ಯಾವ?"

"ಹಣ್ಣು ಚಲೋ ಅದಾವ್ರಿ. ಸುಳ್ಳು ಚಲೋ ಇಲ್ಲ. ಇದನ್ನ ನಂಬಿ ಮಂದಿ ಡಾಕ್ಟರ್ ಕಡಿ ಹೋಗೋದು ಬಿಟ್ರ?"

"ನಮ್ಮವ್ವಗೂ ದಿನಾ ಕೊಡ್ತೀನ್ರಿ..." ಅವನ ದನಿ ಯಾಕೋ ಸಣ್ಣದಾಯಿತು.

ಅಬ್ಬಾ, ಹೆತ್ತ ತಾಯಿಯನ್ನೂ ವ್ಯಾಪಾರಕ್ಕೆ ಹಚ್ಚುತ್ತಾನಲ್ಲ! ಮಲ್ಲಿಕಾ ಉರಿದುಕೊಂಡೇ ಬಸ್ಸು ಹತ್ತಿದಳು.

ಮುಂದಿನ ವಾರ ಅವಳ ಮೇಜಿನೆದುರು ಕೂತವನು ಅವನೇ! ಪಕ್ಕದಲ್ಲಿ ತಾಯಿ ಕಸ್ತೂರಿಬಾಯಿ. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಇವಳ ಬಳಿ ಕಳಿಸಿದ್ದರು.

"ಒಲಿ ಮ್ಯಾಲೆ ಬ್ಯಾಳಿ ಇಟ್ಟು ಮರೀತಾಳ್ರಿ. ಮೊನ್ನೆ ನನ್ನ ನೋಡಿ 'ಯಾರಪ್ಪಾ ನೀ' ಅಂದ್ಲು." ಯಶವಂತ ತಾಯಿಯ ಸೆರಗು ಸರಿಮಾಡಿದ. "ಆ ಬೋರ್ಡ್ ಗಿರಾಕಿ ಸಲುವಾಗಿ ಬರ್ದಿದ್ದಲ್ರಿ. ನನಗ ಏನರ ಒಂದು ನಂಬಿಕಿ ಬೇಕಾಗಿತ್ತು."

ಮಲ್ಲಿಕಾಳ ಸಿಟ್ಟು ಅಲ್ಲೇ ಕರಗಿತು. ಛೇ... ನಾನೆಂಥ ಮಾತಾಡಿಬಿಟ್ಟೆ!

ವರದಿಯಲ್ಲಿ ಬಿ-ಹನ್ನೆರಡು ವಿಟಮಿನ್ ತೀರಾ ಕಡಿಮೆ ಇತ್ತು. ಮರೆವಿಗೆ ಅದೂ ಒಂದು ಕಾರಣ.

"ಇದು ಬಾಳೆಹಣ್ಣಿನ್ಯಾಗ ಇರಂಗಿಲ್ರಿ. ತತ್ತಿ, ಮಾಂಸ ನೀವು ತಿನ್ನಂಗಿಲ್ಲಂತ ಚೀಟಿನ್ಯಾಗ ಐತಿ. ಹಾಲು, ಮೊಸರು ತಗೋತೀರೇನ್ರಿ ಅವ್ವಾರ?"

"ಬಿಟ್ಟೀನವ್ವಾ. ಇವನ ಮದಿವಿ ಆಗೋತನಕ ಮುಟ್ಟಂಗಿಲ್ಲಂತ ಹರಕಿ ಹೊತ್ತೀನಿ."

"ಎಷ್ಟು ವರ್ಷ ಆತ್ರಿ?"

"ಅದು ನೆಪ್ಪಿಲ್ಲ ನೋಡು."

ಎಲ್ಲ ಮರೆತ ಮುದುಕಿ ಹರಕೆಯೊಂದನ್ನು ಮಾತ್ರ ಮರೆತಿಲ್ಲ! ಮಲ್ಲಿಕಾ ಯಶವಂತನತ್ತ ತಿರುಗಿದಳು.

"ಮದಿವಿ ಆಗಾಕ ನಿಮಗೇನ್ ಧಾಡಿರಿ?"

"ಹಿಂಗಿದ್ದ ಮನಿಗಿ ಯಾರ್ ಬರ್ತಾರ್ರಿ?" ಅವನು ತಡವರಿಸಿದ. "ನೀವ್... ಬರ್ತೀರೇನ್ರಿ? ಅವ್ವ ಆರಾಮ ಆಗ್ತಾಳ."

"ನಾ ಏನ್ ಗುಳಿಗಿ ಏನ್ರಿ? ಮುಂಜಾನಿ ಒಂದು, ಸಂಜಿಗಿ ಒಂದು? ಡಾಕ್ಟರ್ ಬರ್ದಿದ್ದ ವಿಟಮಿನ್ ಸೂಜಿ ಮಾಡಸ್ರಿ. ಹೋಗ್ರಿ!"

ಅಂದದ್ದೇನೋ ಅಂದಳು, ಮನೆಗೆ ಹೋಗಿ ಅತ್ತಳು. 'ನೀವು ಬೇಕು' ಅಂದಿದ್ದರೆ ಸಾಕಿತ್ತು... ಔಷಧಿ ಲೆಕ್ಕದಲ್ಲಿ ಕೇಳಿದನಲ್ಲ, ಪೆದ್ದ!

ಸೂಜಿಗೆಂದು ಬಂದಾಗಲೆಲ್ಲ ಕಸ್ತೂರಿಬಾಯಿ ಸ್ವಲ್ಪ ಸ್ವಲ್ಪ ಚೇತರಿಸಿಕೊಂಡರು. ಒಂದು ದಿನ "ಮಲ್ಲಿಕಾ" ಎಂದು ಹೆಸರು ಹಿಡಿದೇ ಕರೆದರು. ಯಶವಂತನ ಕಣ್ಣು ತುಂಬಿತು. ಆದರೆ ಬಾಯಿ? ಮೇಜಿನ ಮೇಲೆ ಹಣ್ಣಿಟ್ಟು ಸುಮ್ಮನೆ ಹೋಗುತ್ತಿದ್ದ. ಇವನ ಮೌನಕ್ಕೆ ಯಾವ ವಿಟಮಿನ್ ಬರೆಯಬೇಕೋ!

ಕೊನೆಗೆ ತಾಳಲಾರದೆ ಅವಳೇ ಸಂತೆಗೆ ಹೋದಳು. ಅಲ್ಲಿ ಹೊಸ ಬೋರ್ಡ್ ಇತ್ತು: 'ಕೆಂಪು ಬಾಳೆ. ರುಚಿ ನೋಡ್ರಿ. ಮರೆವಿಗೆ ಡಾಕ್ಟರನ್ನ ನೋಡ್ರಿ.'

"ಇಂಥ ಬೋರ್ಡಿಗೆ ವ್ಯಾಪಾರ ಆಗ್ತದೇನ್ರಿ?"

"ಇಲ್ರಿ, ಮಂದಿ ನಗ್ತಾರ." ಅವನು ತಲೆ ತಗ್ಗಿಸಿದ. "ಅವತ್ತು ತಪ್ಪು ಮಾತಾಡಿದೆ. ಅವ್ವಗ ಈಗ ಸೂಜಿನೇ ಸಾಕು. ಅದಕ್ಕ ಈಗ ಕೇಳ್ತೀನಿ... ಅವ್ವನ ಸಲುವಾಗಿ ಅಲ್ರಿ. ನನಗ ನೀವು ಬೇಕು."

"ಇದೊಂದು ಮಾತಿಗೆ ಇಷ್ಟು ದಿನಾ ಬೇಕಾತೇನ್ರಿ?" ಅವಳು ಗೊನೆಯಿಂದ ಒಂದು ಹಣ್ಣು ಕಿತ್ತುಕೊಂಡಳು. "ಹೂಂ... ಬರ್ತೀನಿ!"

ಅಕ್ಷತೆ ಬಿದ್ದ ದಿನವೇ ಮಲ್ಲಿಕಾ ಮೊಸರಿನ ಬಟ್ಟಲು ಹಿಡಿದು ಅತ್ತೆಯ ಮುಂದೆ ಕೂತಳು. "ಹರಕಿ ತೀರ್ತು. ಇನ್ನರ ತಿನ್ರಿ ಅತ್ತಿ."

ಕಸ್ತೂರಿಬಾಯಿ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಕೆನ್ನೆ ಒದ್ದೆಯಾಯಿತು.

"ನನಗೂ ಒಂದೀಟು..." ಯಶವಂತ ಮೆಲ್ಲಗೆ ಕೈ ಚಾಚಿದ.

"ನಿಮಗ್ಯಾಕ್ರಿ?"

"ನೀವು 'ಹೋಗ್ರಿ' ಅಂದಿದ್ರಲ್ಲ, ಅವತ್ತಿನಿಂದ ನಾನೂ ಹಾಲು, ಮೊಸರು ಬಿಟ್ಟೀನಿ. ನೀವು ನಮ್ಮನಿಗಿ ಬರೋತನಕ ಅಂತ..."

ಮಲ್ಲಿಕಾ ಹಣೆ ಚಚ್ಚಿಕೊಂಡಳು. ಇಷ್ಟು ದಿನ ಇವಳು ಹೇಳಿದ್ದೆಲ್ಲ ಯಾರಿಗೆ! ಬೈಯಬೇಕೆಂದರೆ ಕಣ್ಣಲ್ಲಿ ನೀರು.

"ಬಾಯಿ ತಗೀರಿ." ಅವಳೇ ಚಮಚ ಹಿಡಿದಳು. "ಇನ್ನೊಮ್ಮಿ ಏನರ ಬಿಟ್ರಿ ಅಂದ್ರ ನೋಡ್ರಿ!"

"ಬಿಡಂಗಿಲ್ಲ," ಎಂದ ಅವನು, ಚಮಚದ ಸಮೇತ ಅವಳ ಕೈ ಹಿಡಿದು. "ನಿಮ್ಮನ್ನಂತೂ ಬಿಡಂಗೇ ಇಲ್ರಿ."