ಡ್ರಮ್ ಯಾವ ಕಡೆ?

"ಕಣ್ಣು ಮುಚ್ಕೋ. ಡ್ರಮ್ ಯಾವ ಕಡೆಯಿಂದ ಬರ್ತಿದೆ, ಕೈ ತೋರಿಸು," ಎಂದ ಸ್ಪೀಕರ್ ಅಂಗಡಿಯವನು.

ಗುಬ್ಬಿ ಥಟ್ಟನೆ ಎಡಕ್ಕೆ ಕೈ ತೋರಿಸಿದಳು.

"ಭೇಷ್! ಕೊಳಲು?"

"ಬಲಕ್ಕೆ!"

"ಈಗ ನಿಮ್ಮಣ್ಣ ಬರ್ಲಿ."

ಅಣ್ಣ ಬೇಡವೆಂದು ತಲೆಯಾಡಿಸಿದ. "ಜಂಬ ಮಾಡ್ಬೇಡ, ಕೂತ್ಕೊಳ್ಳೋ," ಎಂದು ಗುಬ್ಬಿ ಅವನನ್ನು ಕುರ್ಚಿಗೆ ತಳ್ಳಿದಳು. ಅಣ್ಣ ಕಣ್ಣು ಮುಚ್ಚಿದ. ಡ್ರಮ್ ಢಬಢಬ ಬಡಿಯಿತು. ಅವನ ಕೈ ನಿಧಾನವಾಗಿ ಮೇಲೆದ್ದು ಬಲಕ್ಕೆ ಹೋಯಿತು.

ಗುಬ್ಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಪೆದ್ದ! ಸ್ಕೂಲ್ ಬ್ಯಾಂಡಲ್ಲಿ ಡ್ರಮ್ ಬಾರಿಸ್ತಿದ್ದವ್ನಿಗೆ ಡ್ರಮ್ಮೇ ಸಿಗ್ಲಿಲ್ಲ!"

ಅಪ್ಪ ನಗಲಿಲ್ಲ. "ಇದನ್ನೇ ಪ್ಯಾಕ್ ಮಾಡಿ," ಎಂದರು. ಅಷ್ಟರಲ್ಲಿ ಅಣ್ಣ ಅಂಗಡಿಯಿಂದ ಹೊರಗೆ ಹೋಗಿಯಾಗಿತ್ತು.

ಹೋದ ವರ್ಷ ಜ್ವರ ಬಂದು ಅಣ್ಣನ ಎಡಗಿವಿ ಹೋಗಿತ್ತು. ಗುಬ್ಬಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಇನ್ನೊಂದು ಕಿವಿ ಚೆನ್ನಾಗಿದೆಯಲ್ಲ! ಎರಡು ಬಲ್ಬಿನಲ್ಲಿ ಒಂದು ಕೆಟ್ಟರೆ ಇನ್ನೊಂದು ಉರಿಯುವುದಿಲ್ಲವೇ? ಹಾಗಂದುಕೊಂಡಿದ್ದಳು.

ಅಣ್ಣ ಮಾತ್ರ ಬ್ಯಾಂಡ್ ಬಿಟ್ಟ. ಗೆಳೆಯರನ್ನು ಬಿಟ್ಟ. ಸ್ಕೂಲಿಂದ ಬಂದವನೇ ಮಹಡಿ ಹತ್ತಿ ತನ್ನ ರೂಮು ಸೇರುತ್ತಿದ್ದ. ಹಳೇ ಸಾಮಾನು ತುಂಬಿದ್ದ ಕೆಳಗಿನ ಕೋಣೆಯನ್ನು ಖಾಲಿ ಮಾಡಿ ಕೇರಂ ಬೋರ್ಡು, ಸೋಫಾ, ಸ್ಪೀಕರು ಎಲ್ಲ ಹಾಕೋಣ ಎಂದವರು ಅಮ್ಮ. "ಹೀಗಾದ್ರೂ ಕೆಳಗೆ ಬಂದು ನಮ್ಮ ಜೊತೆ ಕೂರ್ತಾನೇನೋ," ಎಂದಿದ್ದರು.

ಮನೆಗೆ ಬಂದ ಮೇಲೆ ಅಪ್ಪ ಟೇಪ್ ಹಿಡಿದು ಅಳತೆ ಮಾಡಿದರು. ಎಡಮೂಲೆಗೊಂದು, ಬಲಮೂಲೆಗೊಂದು ಸ್ಪೀಕರ್ ನಿಂತಿತು. ಎರಡಕ್ಕೂ ಸರಿಯಾಗಿ ನಡುವೆ ಕೂತವರಿಗೇ ಹಾಡಿನ ಮಜಾ ಎಂದು ಅಂಗಡಿಯವನು ಹೇಳಿದ್ದ. ಸೋಫಾದ ಆ ಜಾಗಕ್ಕೆ ಗುಬ್ಬಿ ಒಂದು ಸ್ಟಿಕ್ಕರ್ ಅಂಟಿಸಿ, ಕೋಣೆಯಿಂದಲೇ ಕೂಗಿದಳು.

"ಅಣ್ಣಾ, ಬಾರೋ!"

ಅವನು ಇಳಿದು ಬಂದ. ಮೊದಲು ಅಡುಗೆಮನೆಗೆ ಇಣುಕಿದ. ಆಮೇಲೆ ಮುಂಬಾಗಿಲಾಚೆ ನೋಡಿದ.

"ಇಲ್ಲಿ ಕಣೋ, ದಿಕ್ಕು ತಪ್ಪಿದ ಕೋಳಿ!" ಗುಬ್ಬಿಗೆ ಇದು ದಿನದ ತಮಾಷೆ. "ನೋಡು, ಬೆಸ್ಟ್ ಸೀಟು ನಿಂಗೇ ಇಟ್ಟಿದ್ದೀನಿ."

ಅಣ್ಣ ಎರಡು ಮೂಲೆಗಳನ್ನೂ ನೋಡಿದ. "ನಂಗೆ ಯಾವ ಸೀಟಾದ್ರೂ ಒಂದೇ. ನೀನೇ ಕೂತ್ಕೋ," ಎಂದವನೇ ಮಹಡಿ ಹತ್ತಿದ. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಅಮ್ಮ ಸರಿಯಾಗಿಯೇ ಇದ್ದ ಸೋಫಾದ ಬಟ್ಟೆಯನ್ನು ಮತ್ತೆ ಮತ್ತೆ ಸರಿ ಮಾಡಿದರು.

"ಎಷ್ಟು ಕೊಬ್ಬು ಅವ್ನಿಗೆ!" ಗುಬ್ಬಿ ಧೊಪ್ಪನೆ ಆ ಸೀಟಿನಲ್ಲಿ ಕೂತು ಹಾಡು ಹಾಕಿದಳು. ಎಡಕ್ಕೆ ಡ್ರಮ್, ಬಲಕ್ಕೆ ಕೊಳಲು. ಇಷ್ಟು ಸುಲಭದ್ದು ಅವನಿಗೆ ಹೇಗೆ ತಪ್ಪಿತು?

ಎಡಗಿವಿಗೆ ಬೆರಳು ತುರುಕಿ ಗಟ್ಟಿಯಾಗಿ ಒತ್ತಿದಳು. ಕಣ್ಣು ಮುಚ್ಚಿದಳು.

ಡ್ರಮ್ ನಿಲ್ಲಲಿಲ್ಲ. ಬಲಕ್ಕೆ ಬಂದುಬಿಟ್ಟಿತು! ಕೊಳಲೂ ಅಲ್ಲೇ. ಅಪ್ಪ ಕೆಮ್ಮಿದರು. ಆ ಕೆಮ್ಮೂ ಬಲಕ್ಕೇ ಕೇಳಿಸಿತು. ಕಣ್ಣು ಬಿಟ್ಟು ನೋಡಿದರೆ ಅಪ್ಪ ಎಡಗಡೆ ನಿಂತಿದ್ದರು.

ಗುಬ್ಬಿ ಬೆರಳು ತೆಗೆಯದೆ ಹಾಗೇ ಕೂತಳು. ಕರೆದಾಗಲೆಲ್ಲ ಅಣ್ಣ ಅಡುಗೆಮನೆಗೆ ಇಣುಕುವುದು. ಹಾರ್ನ್ ಕೇಳಿದರೆ ರಸ್ತೆಯಲ್ಲಿ ಸುಮ್ಮನೆ ನಿಂತು ಅತ್ತ ಇತ್ತ ನೋಡುವುದು. ಹೆದರುಪುಕ್ಕಲ ಎಂದು ಗೆಳತಿಯರ ಎದುರೇ ಅಣಕಿಸಿದ್ದಳು.

"ಅಪ್ಪಾ, ಎರಡು ಸ್ಪೀಕರನ್ನೂ ಒಂದೇ ಟೇಬಲ್ ಮೇಲೆ ಪಕ್ಕಪಕ್ಕ ಇಡೋಣ."

"ಹಾಗಿಟ್ರೆ ಡ್ರಮ್ ಯಾವ ಕಡೆ, ಕೊಳಲು ಯಾವ ಕಡೆ ಗೊತ್ತಾಗಲ್ವಲ್ಲೇ."

"ಯಾರಿಗೂ ಗೊತ್ತಾಗೋದು ಬೇಡ."

ಅಪ್ಪ ಅವಳನ್ನೇ ನೋಡಿದರು. ಆಮೇಲೆ ಬಗ್ಗಿ, ಗೋಡೆಗೆ ಬಡಿದಿದ್ದ ವೈರನ್ನು ಬಿಚ್ಚತೊಡಗಿದರು. ಗುಬ್ಬಿ ಸ್ಟಿಕ್ಕರ್ ಕಿತ್ತು ಮುದ್ದೆ ಮಾಡಿದಳು.

ಈ ಸಲ ಅವಳು ಕೂಗಲಿಲ್ಲ. ಮಹಡಿ ಹತ್ತಿ ಹೋಗಿ, ಬಾಗಿಲು ತಳ್ಳಿ, ಅಣ್ಣನಿಗೆ ಕಾಣುವ ಹಾಗೆ ಎದುರಿಗೆ ನಿಂತಳು.

"ಕೇರಂ ಆಡೋಣ ಬಾ."

"ಕೂಗ್ಲಿಲ್ಲ ಯಾಕೆ?"

"ಸುಮ್ನೆ."

ಅಣ್ಣ ಅವಳ ಮುಖ ನೋಡಿ, ಎದ್ದ. ಮೆಟ್ಟಿಲಿಳಿಯುವಾಗ ಅವನ ಎಡಕ್ಕಿದ್ದ ಗುಬ್ಬಿ ಹಿಂದಿನಿಂದ ಸುತ್ತಿ ಬಲಕ್ಕೆ ಬಂದಳು.