ಐದನೆಯ ಪಿಜ್ಜಾ

ಭೀಮಾಶಂಕರ ಹೈದರಾಬಾದಿಗೆ ಬಂದದ್ದು ಪಿಜ್ಜಾ ತಿನ್ನಲಿಕ್ಕೆ. ಹೀಗೆಂದರೆ ಊರ ಜನ ನಕ್ಕಾರು ಅಂತ, "ಭಟ್ಟಿ ಸಾಮಾನು ತರಬೇಕವ್ವ" ಎಂದು ಅವ್ವನಿಗೊಂದು ಸುಳ್ಳು ಹೇಳಿ ಬಸ್ ಹತ್ತಿದ್ದ. ಸುರಪುರ ಬಸ್ ಸ್ಟ್ಯಾಂಡಿನ ಎದುರು ಅವನದೊಂದು ಬೇಕರಿ. ಕಾಲೇಜು ಹುಡುಗಿಯರು ದಿನಾ ಬಂದು, "ಅಣ್ಣಾ, ಪಿಜ್ಜಾ ಯಾವಾಗ ಮಾಡ್ತೀರಿ?" ಎಂದು ಕಾಡುತ್ತಿದ್ದರು. ಮಾಡಿದರೆ ನೆನಪಿನಲ್ಲಿ ಉಳಿಯುವಂಥದ್ದನ್ನೇ ಮಾಡಬೇಕು ಎಂಬುದು ಅವನ ಹಟ. ಅದಕ್ಕೆ ಮೊದಲು ಅಂಥದ್ದೊಂದನ್ನು ತಾನು ತಿಂದಿರಬೇಕಲ್ಲ!

ಎರಡು ದಿನಕ್ಕೆ ನಾಲ್ಕು ಪಿಜ್ಜಾ ಆಗಿದ್ದವು. ಒಂದರ ಚೀಸ್ ರಬ್ಬರಿನ ಹಾಗೆ ಎಳೆಯುತ್ತಿತ್ತು. ಇನ್ನೊಂದು ಬರೀ ಸಿಹಿ. ಉಳಿದೆರಡು ಕೈ ತೊಳೆಯುವಷ್ಟರಲ್ಲಿ ಮರೆತೇ ಹೋದವು. ಐದನೆಯದಕ್ಕೆ ಯಾರೋ ಹಾಶಿಮನ ಭಟ್ಟಿ ಎಂಬ ಅಂಗಡಿಯ ಹೆಸರು ಹೇಳಿದ್ದರು. ಅದನ್ನು ಹುಡುಕುತ್ತ ಕಣ್ಣಿನ ಆಸ್ಪತ್ರೆಯೊಂದರ ಗೇಟಿನ ಮುಂದೆ ನಿಂತು ಆಟೋದವನನ್ನು ಕೂಗಿದ. ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದು ಊರ ಮಾತೇ.

"ಏ ಅಣ್ಣಾ, ಹಾಶಿಮನ ಭಟ್ಟಿ ಎಲ್ಲಿ ಬರ್ತದ?"

ಆಟೋದವನು ನಿಲ್ಲಲಿಲ್ಲ. ಹಿಂದಿನಿಂದ ಒಂದು ಧ್ವನಿ ಬಂತು. "ಯಾರಪ್ಪಾ ನೀ? ನಮ್ಮ ಕಡಿ ಮಾತು ಕೇಳಿದಂಗಾತಲ್ಲ!"

ತಿರುಗಿ ನೋಡಿದ. ಕರಿ ಕನ್ನಡಕದ ವಯಸ್ಸಾದ ಹೆಂಗಸೊಬ್ಬಳು ಗಾಳಿಯಲ್ಲಿ ಕೈ ಚಾಚಿ ನಿಂತಿದ್ದಳು. ಅವಳ ಇನ್ನೊಂದು ಕೈ ಹಿಡಿದು ನಿಂತವಳು ಗುರುದೇವಿ.

ಶಹಾಪುರದ ಗುರುದೇವಿ. ಎರಡು ತಿಂಗಳ ಹಿಂದೆ ಅವನು ಅವ್ವನ ಜೊತೆ ಕನ್ಯೆ ನೋಡಲು ಹೋದದ್ದು ಇವಳನ್ನೇ. ನೋಡಿದ ಕೂಡಲೇ ಮನಸ್ಸು ಅಲ್ಲೇ ಕೂತುಬಿಟ್ಟಿತ್ತು. ಅಂದು ತಾನೇ ಕೈಯಾರೆ ಸುಟ್ಟ ಬೆಣ್ಣೆ ಬಿಸ್ಕೀಟಿನ ಡಬ್ಬಿ ಒಯ್ದಿದ್ದ. ಅವಳು ಎಲ್ಲರಿಗೂ ಹಂಚಿದಳು, ತಾನು ಮಾತ್ರ ಒಂದನ್ನೂ ಮುಟ್ಟಲಿಲ್ಲ. "ಒಂದು ತಗೋ ಯವ್ವಾ" ಎಂದು ಅವ್ವ ಎರಡು ಸಲ ಅಂದರೂ ತಲೆಯಲ್ಲಾಡಿಸಿದಳು. ವಾಪಸ್ ಬರುವಾಗ ಅವ್ವ ಬಸ್ಸಿನಲ್ಲೇ ತೀರ್ಪು ಕೊಟ್ಟಳು: "ನಿನ್ನ ಕೈಯಾಗಿನ ಬಿಸ್ಕೀಟ್ ಮುಟ್ಟಲಾರದಾಕಿ ನಿನ್ನ ಕೈ ಹ್ಯಾಂಗ ಹಿಡದಾಳು?" ಗಂಡಿನ ಕಡೆಯಿಂದ ಮಾತು ಹೋಗಬೇಕು, ಹೋಗಲಿಲ್ಲ. ಅಷ್ಟೇ.

ಈಗ ಗುರುದೇವಿ ಅವನನ್ನು ಗುರುತು ಹಿಡಿದಳು. ಮೊದಲು ಹುಬ್ಬು ಗಂಟಾಯಿತು. ಆಮೇಲೆ ಕನ್ನಡಕದ ಹೆಂಗಸಿನ ಕಡೆ ಕಣ್ಣು ಹೊರಳಿಸಿ, ಹೇಳಬೇಡ ಎಂಬಂತೆ ತುಟಿಯ ಮೇಲೆ ಬೆರಳಿಟ್ಟಳು.

"ಸುರಪುರದಾವ್ರಿ ಅಮ್ಮಾರ" ಎಂದಷ್ಟೇ ಹೇಳಿದ.

"ನಾ ಸೂಗಮ್ಮಪ್ಪ, ರಾಮಸಮುದ್ರದಾಕಿ. ಇಕಿ ನಮ್ಮ ಅಕ್ಕನ ಮಗಳು. ಕಣ್ಣಾಗ ಡ್ರಾಪ್ಸ್ ಹಾಕ್ಯಾರ, ಸಂಜಿತನ ಏನೂ ಕಾಣಂಗಿಲ್ಲಂತ. ಹೊಟ್ಟಿ ಮಾತ್ರ ತಾಳ ಹಾಕಾಕತ್ತದ. ಎಲ್ಲ್ಯಾರ ಊಟ ಸಿಗತದೇನು?"

ವಿಚಾರಿಸಿದರೆ ಹಾಶಿಮನ ಭಟ್ಟಿ ಮುಂದಿನ ಗಲ್ಲಿಯಲ್ಲೇ ಇತ್ತು; ಇಬ್ಬರನ್ನೂ ಅಲ್ಲಿಗೇ ಕರೆದೊಯ್ದ. ಮೂರು ಟೇಬಲ್ಲು, ಮಸಿ ಹಿಡಿದ ಗೋಡೆ, ಒಳಗೆ ಕಟ್ಟಿಗೆಯ ಬೆಂಕಿ. ಬಿಳಿ ಗಡ್ಡದ ಹಾಶಿಮ ಉದ್ದ ಹಿಡಿಕೆಯ ಹಲಗೆಯಿಂದ ಪಿಜ್ಜಾ ಎಳೆದು ತಂದಿಟ್ಟ. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪಾಗಿತ್ತು. ಮುರಿದರೆ ಕರ್ ಎಂದಿತು. ಭೀಮಾಶಂಕರ ಒಂದು ತುತ್ತು ತಿಂದು ಕಣ್ಣು ಮುಚ್ಚಿದ. ಹುಳಿ, ಬಿಸಿ, ಸುಟ್ಟ ಹಿಟ್ಟಿನ ಘಮ. ಸಿಕ್ಕಿತು! ಇದನ್ನೇ ಹುಡುಕಿಕೊಂಡು ಬಂದಿದ್ದ.

"ತತ್ತಿ ಗಿತ್ತಿ ಹಾಕ್ಯಾರೇನು?" ಎಂದಳು ಸೂಗಮ್ಮ, ಮೊಟ್ಟೆ ಮುಟ್ಟದವಳು.

"ಇಲ್ರಿ, ಕೇಳೀನಿ."

"ಹಂಗಾರ ಕೊಡು."

ಖುಷಿಯ ಭರದಲ್ಲಿ ಒಂದು ತುಂಡು ಗುರುದೇವಿಯ ಮುಂದೆಯೂ ಹಿಡಿದ. ಅವಳು ಪ್ಲೇಟು ಹಿಂದಕ್ಕೆಳೆದುಕೊಂಡು, ಚೀಲದಿಂದ ಬುತ್ತಿ ತೆಗೆದು, ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಳ್ಳತೊಡಗಿದಳು. ಅವನಿಗೆ ಶಹಾಪುರದ ಆ ಮಧ್ಯಾಹ್ನ ಮತ್ತೆ ಚುಚ್ಚಿತು.

"ಇದು ನಾ ಮಾಡಿದ್ದಲ್ರಿ" ಎಂದ ಮೆಲ್ಲಗೆ. "ಇದರ ಮ್ಯಾಲೂ ಸಿಟ್ಟೇನು?"

ಅವಳು ಕಣ್ಣೆತ್ತಿ ಅವನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು, ನಿಜ. ಆದರೆ ಕಣ್ಣಂಚು ಒದ್ದೆಯಾಗಿತ್ತು.

ಸೂಗಮ್ಮನಿಗೆ ಕಣ್ಣು ಮುಚ್ಚಿತ್ತೇ ಹೊರತು ಕಿವಿಯಲ್ಲ. "ಅಕಿಗಿ ಕೊಡಬ್ಯಾಡ ತಮ್ಮಾ. ಅಕಿ ಗೋದಿ ಬಿಟ್ಟಾಳ."

"ಚಿಗವ್ವಾ!"

"ಏನಾತ ಈಗ? ಗಂಡಿನ ಕಡಿಯವರ ಮುಂದ ಹೇಳಬಾರ್ದು. ಇವ ದಾರ್ಯಾಗ ಸಿಕ್ಕಾವ." ಮತ್ತೆ ಅವನ ಕಡೆ ತಿರುಗಿದಳು. "ಲಗ್ನ ಗೊತ್ತಾಗೋತನ ಮಗಳು ಗೋದಿ ಮುಟ್ಟಂಗಿಲ್ಲಂತ ಅವರವ್ವ ತಿಂಥಣಿ ಮೋನಪ್ಪಗ ಹರಕಿ ಹೊತ್ತಾಳ. ವರ್ಷ ಆತು. ಚಪಾತಿ ಇಲ್ಲ, ಹೋಳಗಿ ಇಲ್ಲ, ಬಿಸ್ಕೀಟ್ ಸೈತ ಇಲ್ಲ. ಹೊತ್ತಾಕಿ ಅವ್ವ, ಬಿಟ್ಟಾಕಿ ಇಕಿ!"

ಭೀಮಾಶಂಕರನ ಕೈಯಲ್ಲಿದ್ದ ತುಂಡು ಅಲ್ಲೇ ನಿಂತಿತು. ದಿನಾ ಮೈದಾ ನಾದುವವನಿಗೆ ಮೈದಾ ಗೋದಿಯದೇ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಅಂದು ಅವಳು ಬೇಡವೆಂದದ್ದು ಅವನನ್ನಲ್ಲ. ಅಯ್ಯೋ ಶಿವನೇ, ಎರಡು ತಿಂಗಳು!

"ನಿಮ್ಮೂರಾಗ ಒಬ್ಬ ಬೇಕರಿಯಾವ ಅದಾನಂತಲ್ಲ" ಎಂದಳು ಸೂಗಮ್ಮ, ಪಿಜ್ಜಾ ಅಗಿಯುತ್ತ. "ಬಂದ, ಸುಸಲಾ ತಿಂದ, ಚಾ ಕುಡದ, ಹೋದ. ಹೂಂ ಇಲ್ಲ, ಊಹೂಂ ಇಲ್ಲ. ಗೊತ್ತದಾನೇನು?"

"ಗೊತ್ತದಾನ್ರಿ."

"ಹ್ಯಾಂಗ ಮನುಷ್ಯಾ?"

"ದಡ್ಡ ಅದಾನ್ರಿ."

ಗುರುದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ಮಾತ್ರ ಕಣ್ಣಿನಿಂದ ಹೊರಗೆ ಬಂದೇಬಿಟ್ಟಿತು.

"ನಾನೂ ಅದನ್ನ ಅಂದೆ. ಇಕಿ ಕೇಳಬೇಕಲ್ಲ! ಫೋನ್ ಬಡಕೊಂಡ್ರ ಸಾಕು, ಸುರಪುರದ್ದೇನೋ ಅಂತ ಓಡ್ತಾಳ. ಇರಲಿ, ಬರೋ ಶುಕ್ರವಾರ ಲಿಂಗಸೂಗೂರಿನವರು ಬರಾಕತ್ತಾರ. ಅವರು ಒಪ್ಪಿದ್ರ ಮುಗೀತು."

ಗುರುದೇವಿಯ ನಗು ಆರಿತು. ಬೆರಳು ರೊಟ್ಟಿಯ ಅಂಚನ್ನು ಸುಮ್ಮನೆ ಪುಡಿ ಮಾಡತೊಡಗಿತು. ಈಗ ಬಾಯಿ ಬಿಡದಿದ್ದರೆ ತಾನು ನಿಜಕ್ಕೂ ದಡ್ಡನೇ ಎಂದು ಭೀಮಾಶಂಕರನಿಗೆ ಅನಿಸಿತು.

"ಅಮ್ಮಾರ, ಆ ಬೇಕರಿಯಾವ ಬುಧವಾರನ ಅವ್ವನ್ನ ಕರಕೊಂಡು ಬಂದು, ನಮಗ ಹುಡುಗಿ ಪಸಂದ್ ಅದಾಳಂದ್ರ?" ಅವನು ಕೇಳಿದ್ದು ಸೂಗಮ್ಮನನ್ನು, ನೋಡಿದ್ದು ಗುರುದೇವಿಯನ್ನು.

"ಎಲ್ಲಿ ಬರ್ತಾನ ಬಿಡು."

"ಬರ್ತಾನ್ರಿ. ಬಿಸ್ಕೀಟ್ ತಿನ್ನಲಿಲ್ಲಂತ ತಪ್ಪು ತಿಳಕೊಂಡಿದ್ದ. ಹುಡುಗಿ ಹೂಂ ಅಂದ್ರ ಸಾಕ್ರಿ, ಬರ್ತಾನ."

"ಇಕಿ ಬಾಯಿ ಬಿಟ್ಟು ಹೂಂ ಅನ್ನೋ ಪೈಕಿ ಅಲ್ಲಪ್ಪ. ಅವರವ್ವ ಕೇಳಿದ್ರೂ ಗ್ವಾಡಿ ನೋಡ್ತಾಳ."

ಗುರುದೇವಿ ಈಗ ಗೋಡೆ ನೋಡುತ್ತಿರಲಿಲ್ಲ. ಅವನು ಸುಳ್ಳು ಹೇಳುತ್ತಿದ್ದಾನೋ ನಿಜವೋ ಎಂದು ಅಳೆಯುವಂತೆ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಕಣ್ಣು ತಪ್ಪಿಸಲಿಲ್ಲ. ಅವಳು ರೊಟ್ಟಿಯನ್ನು ಮಡಚಿ ಬುತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟಳು. ಕೈ ಒರೆಸಿಕೊಂಡಳು. ಅವನ ಪ್ಲೇಟಿನಿಂದ, ಅವನು ಅರ್ಧ ತಿಂದಿಟ್ಟ ತುಂಡನ್ನೇ ಎತ್ತಿಕೊಂಡು ಕಚ್ಚಿದಳು.

ಅಂಚು ಕರ್ ಎಂದಿತು.

ಸೂಗಮ್ಮನ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಕರಿ ಕನ್ನಡಕ ಸದ್ದಿನ ಕಡೆ ತಿರುಗಿತು.

"ಗುರುದೇವೀ, ಏನ ತಿನ್ನಾಕತ್ತಿ?"

"ಗೋದಿ, ಚಿಗವ್ವ."